ಇಳಿತ ಹಿಡಿದು ಕುಡ್ಲಕ್ಕೆ

ನೇತ್ರಾವತಿಯ ಹರೇಕಳ ಕಡವಿನಲ್ಲಿ ನಾನು ದೋಣಿ ಹತ್ತಿ ಕೂತರೂ ದೋಣಿಯವರು ಹಗ್ಗ ಬಿಚ್ಚಲಿಲ್ಲ. "ಅರ್ಧ ಗಂಟೆ ನಿಲ್ಲಿ ಮಾರಾಯ್ರೆ, ನೀರು ಇಳೀಲಿಕ್ಕೆ ಸುರು ಆಗ್ಲಿ. ಮತ್ತೆ ಹೊಳೆಯೇ ಕೊಂಡುಹೋಗ್ತದೆ" ಎಂದರು. ಹುಣ್ಣಿಮೆಯ ಮರುದಿನ ಮಧ್ಯಾಹ್ನವದು. ಮಂಗಳೂರಿಗೆ ಬಸ್ಸಿನ ವೇಳೆ ನೋಡಿ ಹೊರಟು ಗೊತ್ತಿದ್ದ ನಾನು ಚಂದ್ರನ ವೇಳೆ ನೋಡಿ ಹೊರಟದ್ದು ಅದೇ ಮೊದಲು.

ಆಗ ಅಲ್ಲಿ ಸೇತುವೆ ಇರಲಿಲ್ಲ. ಈಗ ಆಚೆ ದಡದ ಅಡ್ಯಾರಿಗೆ ಸೇತುವೆಯೂ ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟೂ ಬಂದಿವೆ. ಶಾಲೆಗೆ ಹೋಗುವ ಮಕ್ಕಳಿಗೆ ಅದು ಬೇಕೇ ಬೇಕಿತ್ತು.

ನೀರು ತಿರುಗಿತು. ದಡದ ಕೆಸರಿನಲ್ಲಿ ಒದ್ದೆ ಗೆರೆಯೊಂದು ಮೂಡಿ ಅಗಲವಾಗುತ್ತ ಹೋಯಿತು. ದೋಣಿ ತಾನಾಗಿಯೇ ಪಡುವಣಕ್ಕೆ ಮುಖ ಮಾಡಿತು. ಹೊಳೆನಡುವಿನ ಕುದ್ರುಗಳ ಅಂಚಿನಲ್ಲಿ ತೆಂಗಿನ ಮರಗಳು ಬೇರು ಬಿಟ್ಟುಕೊಟ್ಟು ನೀರಿಗೆ ವಾಲಿದ್ದವು. ಬುಡದ ಹೊಯಿಗೆಯನ್ನು ಬುಟ್ಟಿಬುಟ್ಟಿಯಾಗಿ ಎತ್ತಿದ ಮೇಲೆ ಮರ ಎಷ್ಟು ದಿನ ನಿಂತೀತು? ನೋಡಿ ಹೊಟ್ಟೆ ಉರಿಯಿತು. ಎದೆಮಟ್ಟದ ನೀರಿನಲ್ಲಿ ಹೆಂಗಸರು ಕಾಲಿನಿಂದಲೇ ತಡಕಿ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದರು.

ಸೇತುವೆಗಳ ಅಡಿಯಿಂದ ದಾಟುವಾಗ ನೆತ್ತಿಯ ಮೇಲೆ ರೈಲು ಹೋಯಿತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೂ ಮೊದಲು ಘಟ್ಟದ ಕಾಫಿ ಬಂಟ್ವಾಳದವರೆಗೆ ಗಾಡಿಯಲ್ಲಿ ಇಳಿದು, ಅಲ್ಲಿಂದ ಇದೇ ನೀರಿನ ಮೇಲೆ ಬಂದರಿಗೆ ಹೋಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದೂ ಹೊಳೆಯನ್ನು ನಂಬಿಯೇ. ಆವೆಮಣ್ಣು ದೋಣಿಯಲ್ಲಿ, ಸೌದೆ ದೋಣಿಯಲ್ಲಿ, ಸುಟ್ಟ ಹೆಂಚು ಹಡಗಿನತ್ತ ಹೊರಡುವುದೂ ದೋಣಿಯಲ್ಲೇ. ಹೆದ್ದಾರಿಯಿಂದ ಕಾಣುವಾಗ ಊರಿನ ಮೂಲೆಯಲ್ಲಿ ಕಳೆದುಹೋದಂತಿರುವ ಆ ಹಳೆಯ ಚಿಮಿಣಿಗಳು ಹೊಳೆಯಿಂದ ನೋಡಿದರೆ ಊರಿನ ಹೆಬ್ಬಾಗಿಲ ಕಂಬಗಳು. ಇಷ್ಟು ವರ್ಷ ನಾನು ಹಿತ್ತಿಲ ಬಾಗಿಲಿನಿಂದ ಒಳಬರುತ್ತಿದ್ದೆ ಅಂತ ಅನ್ನಿಸಿತು.

ಬೋಳಾರ ದಾಟಿ ಹೊಯಿಗೆ ಬಜಾರ್ ಹತ್ತಿರವಾದಂತೆ ಎದುರಿಗೆ ಮರಳುದಿಣ್ಣೆ, ಅದರಾಚೆ ಅಲೆಗಳ ಸದ್ದು. ಬಡಗಿನಿಂದ ಗುರುಪುರ ಹೊಳೆ ಇಳಿದು ಬರುತ್ತಿತ್ತು. ಎರಡು ನೀರೂ ಸೇರುವಲ್ಲಿ ಉದ್ದಕ್ಕೆ ನೊರೆಯ ಗೆರೆ. ಅದರ ಆ ಕಡೆ ಒಂದು ಬಣ್ಣ, ಈ ಕಡೆ ಒಂದು ಬಣ್ಣ. ಹೊಳೆಗಳು ಕೂಡುವ ಜಾಗವಾದ್ದರಿಂದ ಮಂಗಳೂರಿಗೆ ಕುಡ್ಲ ಎಂಬ ಹೆಸರು ಎಂದು ಅಜ್ಜಿ ಹೇಳುತ್ತಿದ್ದರು. ಹುಟ್ಟಿದಾಗಿನಿಂದ ಆಡಿದ ಹೆಸರು ನನ್ನ ಕಣ್ಣೆದುರು ಹರಿಯುತ್ತಿತ್ತು. ಅಜ್ಜಿ ಇದನ್ನು ನೋಡಿಯೇ ಹೇಳಿರಬೇಕು. ಅವರ ಕಾಲದಲ್ಲಿ ಪೇಟೆಗೆ ಬೇರೆ ದಾರಿ ಕಡಿಮೆ.

ಅಲ್ಲಿ ದೋಣಿ ತಡೆದು ನಿಂತಿತು. ನೇತ್ರಾವತಿಯ ಇಳಿತ ನಮ್ಮನ್ನು ಅಳಿವೆಗೆ ಎಳೆಯುತ್ತಿತ್ತು, ನಾವು ಇಳಿಯಬೇಕಿದ್ದ ಧಕ್ಕೆ ಇದ್ದದ್ದು ಬಡಗಿಗೆ, ಗುರುಪುರ ಹೊಳೆಯ ಎದುರುನೀರಿನಲ್ಲಿ. ದೋಣಿಯವರು ಗಳ ಮಡಗಿ ಹುಟ್ಟು ತೆಗೆದರು, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ಮೀನಿನ ವಾಸನೆ ಆಗಲೇ ಬರುತ್ತಿತ್ತು. ಧಕ್ಕೆ ಮುಟ್ಟಲು ಮುಕ್ಕಾಲು ಗಂಟೆ ಹಿಡಿಯಿತು.