ಪದ್ಯ ಮುಗಿದ ಮೇಲೆ

ಮಳೆ ಜೋರಾಗಿದೆ. ದೇವಸ್ಥಾನದ ಅಂಗಳಕ್ಕೆ ಹೊದಿಸಿದ ತಗಡಿನ ಚಪ್ಪರದ ಮೇಲೆ ನೀರು ಸುರಿಯುವ ಸದ್ದಿಗೆ ಮೈಕ್ ಪರೀಕ್ಷಿಸುವ ಹುಡುಗನ ‘ಹಲೋ, ಹಲೋ’ ಅರ್ಧ ಕೇಳುತ್ತದೆ, ಅರ್ಧ ಇಲ್ಲ. ಪುತ್ತೂರಿನಿಂದ ಬಂದ ಬಸ್ಸು ಇಳಿದು, ಕೊಡೆ ಮಡಚಿ ಕಂಬಕ್ಕೆ ಒರಗಿಸಿ, ಮುಂದಿನ ಸಾಲಿನಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿ ಹಿಡಿದಿದ್ದೀರಿ. ಯಕ್ಷಗಾನದ ತಿರುಗಾಟ ಮುಗಿಯುವ ಪತ್ತನಾಜೆ ಕಳೆದಿದೆ. ಮೇಳಗಳು ಗೆಜ್ಜೆ ಬಿಚ್ಚಿ ಊರಿಗೆ ಮರಳಿವೆ. ಇನ್ನು ದೀಪಾವಳಿಯವರೆಗೆ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕಡೆ ಬಯಲಲ್ಲಿ ಆಟ ಕಡಿಮೆ. ಆದರೆ ಮಾತಿಗೆ ಮಳೆಯ ಅಡ್ಡಿಯಿಲ್ಲ. ಇದು ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ಆಟ ಕಟ್ಟುವ ತಾಳಮದ್ದಳೆಯ ಕಾಲ.

ಇವತ್ತಿನ ಪ್ರಸಂಗ ವಾಲಿವಧೆ. ಅದರ ಪುಸ್ತಕ ನಿಮ್ಮ ಚೀಲದಲ್ಲಿದೆ. ಬಸ್ಸಿನಲ್ಲಿ ಓದಲು ತೆಗೆದವರು ಊರು ಬರುವ ಮೊದಲೇ ಮುಗಿಸಿದ್ದೀರಿ, ಅಷ್ಟು ತೆಳು. ಓದಿದಾಗ ಸಿಕ್ಕಿದ್ದು ಕಥೆಯ ಎಲುಬುಗಳು ಮಾತ್ರ: ಸುಗ್ರೀವ ಕರೆದ, ತಾರೆ ತಡೆದಳು, ವಾಲಿ ಹೊರಟ, ಬಾಣ ಬಿತ್ತು, ವಾಲಿ ಬೈದ, ರಾಮ ಸಮಾಧಾನ ಹೇಳಿದ, ವಾಲಿ ಕಣ್ಣು ಮುಚ್ಚಿದ. ಒಂದೊಂದಕ್ಕೂ ಒಂದೆರಡು ಪದ್ಯ, ತಲೆಯ ಮೇಲೆ ರಾಗ ತಾಳದ ಹೆಸರು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಮಗೆ ಬಂದಿರುವ ರಾಮಾಯಣ ಪ್ರಸಂಗಗಳೆಲ್ಲ ಹೀಗೇ. ನಾಟಕದ ಪುಸ್ತಕ ಹೀಗಲ್ಲ. ಗಿರೀಶ ಕಾರ್ನಾಡರ ‘ತುಘಲಕ್’ 1964ರಲ್ಲಿ ಅಚ್ಚಾದದ್ದು. ಅದನ್ನು ಓದಿದವರಿಗೆ ಸುಲ್ತಾನ ಏನು ಹೇಳಿದ, ಬರನಿ ಏನು ಮರುನುಡಿದ ಎಂಬುದೆಲ್ಲ ಪುಟದ ಮೇಲೇ ಸಿಗುತ್ತದೆ. ರಂಗದ ಮೇಲೆ ಕಂಡಾಗ ಆ ಮಾತಿಗೆ ದನಿ ಬರುತ್ತದೆ, ಬೆಳಕು ಬರುತ್ತದೆ, ಮಾತು ಮಾತ್ರ ಅದೇ. ವಾಲಿವಧೆಯ ಪುಸ್ತಕದಲ್ಲಿ ಮಾತೇ ಇಲ್ಲ. ಪದ್ಯ ಮುಗಿದ ಮೇಲೆ ಅಲ್ಲಿ ಬಿಳಿ ಕಾಗದವಿದೆ, ಅದರ ಕೆಳಗೆ ಮುಂದಿನ ಪದ್ಯ. ಈಗ ನೀವು ಕೇಳಲು ಬಂದಿರುವುದು ಆ ಬಿಳಿ ಜಾಗವನ್ನು.

ಪಕ್ಕದ ಕುರ್ಚಿಯಲ್ಲಿ ಹಿರಿಯರೊಬ್ಬರು ಕೂತಿದ್ದಾರೆ, ಹೆಗಲ ಮೇಲೆ ಬೈರಾಸು. ನಿಮ್ಮ ಚೀಲದಿಂದ ಇಣುಕುವ ಪುಸ್ತಕ ನೋಡಿ ಕೇಳುತ್ತಾರೆ, “ಓದಿ ಬಂದದ್ದಾ?”

“ಹೌದು.”

“ಒಳ್ಳೆದಾಯ್ತು ಮಾರಾಯ್ರೆ. ಪದ್ಯ ಗೊತ್ತಿದ್ರೆ ಅವರು ಎಲ್ಲಿಂದ ಎಲ್ಲಿಗೆ ಹೋಗ್ತಾರೆ ಅಂತ ಗೊತ್ತಾಗ್ತದೆ.”

ಹಿಮ್ಮೇಳ ಕೂತಾಯಿತು. ನಡುವೆ ಪದ್ಯ ಹಾಡುವ ಭಾಗವತರು, ಒಂದು ಬದಿಗೆ ಮದ್ದಳೆ, ಇನ್ನೊಂದು ಬದಿಗೆ ಚೆಂಡೆ, ಹಿಂದೆ ಚಕ್ರತಾಳದ ಹುಡುಗ. ಶ್ರುತಿಪೆಟ್ಟಿಗೆ ಸಣ್ಣಗೆ ಗುಂಯ್‌ಗುಟ್ಟುತ್ತಿದೆ. ಭಾಗವತರ ಎದುರಿನ ಮಣೆಯ ಮೇಲೆ ನಿಮ್ಮ ಚೀಲದಲ್ಲಿರುವುದೇ ಪುಸ್ತಕ, ಆದರೆ ಬೆನ್ನು ಹರಿದು ದಾರ ಹಾಕಿ ಹೊಲಿದದ್ದು. ಅಂಚಿನಲ್ಲಿ ಪೆನ್ಸಿಲ್ ಗುರುತುಗಳು: ಈ ಪದ್ಯ ಬಿಡುವುದು, ಇದನ್ನು ಎರಡನೇ ಕಾಲದಲ್ಲಿ ಹೇಳುವುದು, ಇಲ್ಲಿಂದ ಅಲ್ಲಿಗೆ ಹಾರುವುದು. ಮುಮ್ಮೇಳದಲ್ಲಿ ಎದುರುಬದುರಾಗಿ ನಾಲ್ವರು ಅರ್ಥಧಾರಿಗಳು, ಪಾತ್ರಗಳ ಮಾತು ಹೇಳುವವರು. ಬಿಳಿ ಪಂಚೆ, ಜುಬ್ಬ, ಹೆಗಲಿಗೆ ಜರಿ ಶಾಲು. ಮುಖಕ್ಕೆ ಬಣ್ಣವಿಲ್ಲ, ತಲೆಗೆ ಕಿರೀಟವಿಲ್ಲ, ಕಾಲಿಗೆ ಗೆಜ್ಜೆಯಿಲ್ಲ. ಕೂತಲ್ಲಿಂದ ಯಾರೂ ಏಳುವುದಿಲ್ಲ. ಬಳ್ಳಾರಿ ಜಿಲ್ಲೆಯ ಕುರುಗೋಡು ಸೀಮೆಯಲ್ಲಿ ಸಿಕ್ಕ 1556ರ ಶಾಸನವೊಂದರಲ್ಲಿ ತಾಳಮದ್ದಳೆಯವರಿಗೆ ಭೂಮಿ ಬಿಟ್ಟುಕೊಟ್ಟ ಸಂಗತಿ ಇದೆ. ಹಾಡು, ಮದ್ದಳೆ, ಮಾತು ಇಷ್ಟನ್ನೇ ನಂಬಿ ಅಷ್ಟು ಹಿಂದೆಯೇ ಜನ ಒಂದೆಡೆ ಕೂತು ಕೇಳಿದ್ದಾರೆ.

ಜಾಗಟೆಗೆ ಕೋಲು ಬೀಳುತ್ತದೆ. ಗಣಪತಿಯ ಸ್ತುತಿ ಮುಗಿದು ಪ್ರಸಂಗ ಹಿಡಿಯುತ್ತದೆ.

ವಾಲಿಯ ಅರ್ಥಧಾರಿ ಗಂಟಲು ಸರಿಮಾಡಿಕೊಂಡು ಪೀಠಿಕೆಗೆ ತೊಡಗುತ್ತಾರೆ. ಕಿಷ್ಕಿಂಧೆ ಎಲ್ಲಿದೆ, ಅಲ್ಲಿನ ಬೆಳಗು ಹೇಗಿರುತ್ತದೆ, ನಾಲ್ಕು ಸಮುದ್ರಗಳಲ್ಲಿ ಸಂಧ್ಯಾವಂದನೆ ಮುಗಿಸಿ ಬರುವ ತನಗೆ ದಣಿವು ಯಾಕಿಲ್ಲ, ಹತ್ತು ತಲೆಯವನೊಬ್ಬನನ್ನು ಕಂಕುಳಲ್ಲಿ ಇರುಕಿಕೊಂಡು ತಿರುಗಿದ ದಿನ ಏನಾಯಿತು. ಬಲದ ಬಗ್ಗೆ ಹೇಳುವಾಗ ಅವರ ದನಿಯಲ್ಲಿ ಎಲ್ಲಿಯೂ ಆರ್ಭಟವಿಲ್ಲ. ಬಲ ಇದ್ದವನಿಗೆ ಕೂಗಬೇಕಾಗಿಲ್ಲ ಎಂದು ಅವರು ತೀರ್ಮಾನಿಸಿದಂತಿದೆ. ತಮ್ಮನ ವಿಷಯ ಬಂದಾಗ ಮಾತ್ರ ಎಡಗೈ ಬೆರಳು ಶಾಲಿನ ಅಂಚನ್ನು ಸುತ್ತತೊಡಗುತ್ತದೆ. ಗುಹೆಯ ಬಾಯಿಗೆ ಬಂಡೆ ಮುಚ್ಚಿ ಹೋದವನನ್ನು ಹೇಗೆ ಮರೆಯಲಿ? ಓದುವಾಗ ನಿಮಗೆ ವಾಲಿ ಸಿಟ್ಟಿನವನಾಗಿ ಕಂಡಿದ್ದ. ಇಲ್ಲಿ ಕೂತಿರುವವನು ನೊಂದವನು. ಪದ್ಯದಲ್ಲಿ ಒಂದಕ್ಷರವೂ ಬದಲಾಗಿಲ್ಲ.

ತಾರೆ ತಡೆಯುತ್ತಾಳೆ. ಸೋತು ಓಡಿದವನು ಇಷ್ಟು ಬೇಗ ಮತ್ತೆ ಬಂದು ಕರೆಯಬೇಕಾದರೆ ಬೆನ್ನಿಗೆ ಯಾರೋ ಇರಬೇಕಲ್ಲವೇ ಎಂದು ಕೇಳುತ್ತಾಳೆ. ಈ ತಾರೆಯ ಅರ್ಥ ಹೇಳುತ್ತಿರುವವರು ಐವತ್ತು ದಾಟಿದ ಗಂಡಸು, ಮೀಸೆ ಇದೆ. ನಾಲ್ಕು ಮಾತು ಆಗುವಷ್ಟರಲ್ಲಿ ಆ ಮೀಸೆ ನಿಮಗೆ ಕಾಣುವುದಿಲ್ಲ.

ಆಮೇಲೆ ಯುದ್ಧ. ಭಾಗವತರ ಪದ್ಯ ಏರುತ್ತದೆ, ಮದ್ದಳೆ ಹಿಂದೆ ಸರಿದು ಚೆಂಡೆ ಮುಂದೆ ಬರುತ್ತದೆ. ಅಣ್ಣ ತಮ್ಮ ಹೊಡೆದಾಡುತ್ತಿದ್ದಾರೆ, ಯಾರು ವಾಲಿ ಯಾರು ಸುಗ್ರೀವ ಎಂದು ಗುರುತು ಸಿಗುತ್ತಿಲ್ಲ, ಆದರೆ ಆ ಇಬ್ಬರು ಅರ್ಥಧಾರಿಗಳು ಮಡಿಲಲ್ಲಿ ಕೈ ಇಟ್ಟು ಸುಮ್ಮನೆ ಕೂತಿದ್ದಾರೆ. ಒಬ್ಬರು ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಳ್ಳುತ್ತಾರೆ. ಹೊಡೆತವೆಲ್ಲ ಚೆಂಡೆಯ ಮೇಲೆ. ಬಯಲಾಟದಲ್ಲಾದರೆ ಇಲ್ಲಿ ಕುಣಿತ, ದಿಗಿಣ, ರಂಗಸ್ಥಳವೆಲ್ಲ ಧೂಳು. ಅದರ ಸೊಗಸು ಬೇರೆ. ತಾಳಮದ್ದಳೆ ಅದನ್ನೆಲ್ಲ ತೆಗೆದಿಟ್ಟು, ಕೇಳುವವನ ತಲೆಯೊಳಗೆ ಆಟ ಆಗಲಿ ಎಂದು ಬಿಡುತ್ತದೆ. ಒಂದು ಪೆಟ್ಟಿಗೆ ಚೆಂಡೆ ಥಟ್ಟನೆ ನಿಲ್ಲುತ್ತದೆ. ಬಾಣ ನಟ್ಟಿದೆ. ಮಳೆಯ ಸದ್ದು ಮತ್ತೆ ಕಿವಿಗೆ ಬರುತ್ತದೆ.

ಜನ ಬಂದಿರುವುದು ಇದಕ್ಕೆ. ಅಡುಗೆಮನೆಯ ಕಡೆ ನಿಂತಿದ್ದವರೂ ಕೈ ಒರೆಸಿಕೊಂಡು ಬಂದು ಚಪ್ಪರದ ಅಂಚಿನಲ್ಲಿ ನಿಲ್ಲುತ್ತಾರೆ. ಬಿದ್ದ ವಾಲಿ ರಾಮನನ್ನು ಕೇಳಬೇಕು. ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ಹದಿನೇಳನೆಯ ಸರ್ಗದ ಬಹುಭಾಗ ವಾಲಿಯ ಪ್ರಶ್ನೆಗಳೇ, ಹದಿನೆಂಟನೆಯದು ರಾಮನ ಉತ್ತರ. ನನಗೂ ನಿನಗೂ ಹಗೆಯಿಲ್ಲ. ನನ್ನ ಮಾಂಸ ತಿನ್ನುವಂತಿಲ್ಲ, ಚರ್ಮ ಉಡುವಂತಿಲ್ಲ, ಮತ್ತೇಕೆ ಕೊಂದೆ? ಸೀತೆಗಾಗಿ ಎಂದಾದರೆ ನನ್ನನ್ನೇ ಕೇಳಬಹುದಿತ್ತಲ್ಲ, ರಾವಣನನ್ನು ಕಟ್ಟಿ ತಂದು ಒಪ್ಪಿಸುತ್ತಿದ್ದೆ. ಈ ವಾದಗಳು ಇಲ್ಲಿರುವ ಹೆಚ್ಚಿನವರಿಗೆ ಬಾಯಿಪಾಠ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಎದುರೇ ಕೂತು ಕೇಳಿದವರು, ಕ್ಯಾಸೆಟ್ಟಿನಲ್ಲಿ ಕೇಳಿ ಬೆಳೆದವರು ಈ ಸಭೆಯಲ್ಲಿದ್ದಾರೆ. ಹಾಗಾಗಿ ವಾಲಿ ಗೊತ್ತಿರುವುದನ್ನು ಹೇಳಿ ಮುಗಿಸಿದರೆ ಅವರಿಗೆ ಸಾಲದು.

ಭಾಗವತರು ಪದ್ಯ ಹೇಳಿದರು. ಬಸ್ಸಿನಲ್ಲಿ ಕಣ್ಣಿನಲ್ಲೇ ಓದಿ ಮುಂದೆ ಹೋದ ಪದ್ಯ. ಈಗ ಅದರ ಒಂದು ಪದದ ಮೇಲೆ ಭಾಗವತರ ದನಿ ಎಷ್ಟು ಹೊತ್ತು ನಿಂತಿತೆಂದರೆ, ಆ ಪದ ಅಲ್ಲಿತ್ತೆಂಬುದೇ ನಿಮ್ಮ ಗಮನಕ್ಕೆ ಬಂದಿರಲಿಲ್ಲ ಎಂದು ತಿಳಿಯುತ್ತದೆ. ಜಾಗಟೆ ಮಗುಚಿ ಇಟ್ಟರು.

ವಾಲಿ ಕೂಡಲೇ ಮಾತಾಡುವುದಿಲ್ಲ. ಎದೆಗೆ ಬಾಣ ಬಿದ್ದವನ ಉಸಿರು ಹೇಗಿರುತ್ತದೋ ಅಷ್ಟು ಬಿಡುವು ಕೊಟ್ಟು, ಮೈಕಿನಿಂದ ಸ್ವಲ್ಪ ಹಿಂದೆ ಸರಿದು ಕೇಳುತ್ತಾರೆ.

“ರಾಮಾ, ಮರದ ಮರೆಯಲ್ಲಿ ಯಾಕೆ ನಿಂತೆ? ಬೇಟೆಗಾರ ಮೃಗಕ್ಕೆ ಕಾಣದ ಹಾಗೆ ನಿಲ್ಲುತ್ತಾನೆ, ಅದು ದೋಷವಲ್ಲ ಎನ್ನುತ್ತೀಯಾ. ಒಪ್ಪಿದೆ. ನಾನು ಮೃಗ. ಹಾಗಾದರೆ ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ ಎಂಬ ಅಪರಾಧ ನನ್ನ ಮೇಲೆ ಹೇಗೆ ಹೊರಿಸುತ್ತೀ? ಮೃಗಕ್ಕೆ ಯಾವ ಶಾಸ್ತ್ರ? ಅಲ್ಲ, ಶಾಸ್ತ್ರ ನನಗೂ ಉಂಟು ಎನ್ನುವುದಾದರೆ ನಾನು ಮೃಗವಲ್ಲ. ಆಗ ಎದುರು ಬಂದು ನಿಲ್ಲಬೇಕಿತ್ತು. ಎರಡರಲ್ಲಿ ಒಂದನ್ನು ಹೇಳು. ಎರಡನ್ನೂ ಹೇಳಬೇಡ.”

ಮದ್ದಳೆಗಾರರ ಬೆರಳು ಮದ್ದಳೆಯ ಮೇಲೆ ಹಾಗೇ ನಿಂತಿದೆ. ನೀವು ನೋಡಬೇಕಾದದ್ದು ವಾಲಿಯನ್ನಲ್ಲ, ರಾಮನನ್ನು. ಅರ್ಥಧಾರಿ ಇನ್ನೂ ಚಿಕ್ಕ ಪ್ರಾಯದವರು, ಹಗಲು ಎಲ್ಲಿಯೋ ಮೇಷ್ಟರಿರಬೇಕು. ಮೈಕು ಹತ್ತಿರ ಎಳೆದುಕೊಂಡವರು ಬಾಯಿ ತೆರೆದಿಲ್ಲ. ಒಂದು ಕ್ಷಣ, ಎರಡು ಕ್ಷಣ. ಅವರು ಸಿದ್ಧಮಾಡಿಕೊಂಡು ಬಂದ ಉತ್ತರ ‘ನೀನು ಮೃಗ’ ಎಂದೇ ಆರಂಭವಾಗಬೇಕಿತ್ತೇನೋ, ಆ ಬಾಗಿಲನ್ನು ವಾಲಿ ಈಗಷ್ಟೇ ಮುಚ್ಚಿದ್ದಾನೆ. ಧ್ವನಿಮುದ್ರಿಕೆಯಲ್ಲಿ ಕೇಳಿದರೆ ಇದು ಬರೀ ಖಾಲಿ ಜಾಗ. ಮಾತನ್ನೆಲ್ಲ ಬರೆದಿಟ್ಟರೆ ಇಲ್ಲಿ ಏನೂ ಇರುವುದಿಲ್ಲ, ಒಂದು ಸಾಲು ಮುಗಿದು ಇನ್ನೊಂದು ಮೊದಲಾಗುತ್ತದೆ. ಎದುರು ಕೂತ ನಿಮಗೆ ಮಾತ್ರ ಕಾಣುತ್ತಿದೆ: ರಾಮ ನಿಜವಾಗಿ ಸಿಕ್ಕಿಬಿದ್ದಿದ್ದಾನೆ. ರಾಮಾಯಣದೊಳಗಿನ ರಾಮನೋ, ಈ ಹುಡುಗನೋ ಎಂದು ಬೇರೆ ಮಾಡಲು ಬಾರದ ಹಾಗೆ ಸಿಕ್ಕಿಬಿದ್ದಿದ್ದಾನೆ. ಈ ಕಲೆಯ ಜೀವ ಇಲ್ಲಿದೆ ಎಂದು ನಾನು ನಂಬುತ್ತೇನೆ. ಪ್ರಶ್ನೆ ಕೇಳಿದವನಿಗೆ ಉತ್ತರ ಗೊತ್ತಿಲ್ಲ, ಕೊಡಬೇಕಾದವನಿಗೂ ಇನ್ನೂ ಗೊತ್ತಿಲ್ಲ. ಮಾತು ಹುಟ್ಟುವ ಹೊತ್ತಿಗೆ ನಾವು ಅಲ್ಲಿರುತ್ತೇವೆ.

“ವಾಲೀ,” ಎಂದರು ಕೊನೆಗೆ, ತುಂಬ ತಗ್ಗಿದ ದನಿಯಲ್ಲಿ. “ಮೃಗ ಈ ಪ್ರಶ್ನೆ ಕೇಳುವುದಿಲ್ಲ. ಕೇಳಿದೆಯಲ್ಲ, ಹಾಗಾಗಿ ನೀನು ಮೃಗವಲ್ಲ. ಧರ್ಮ ಬಲ್ಲವನು. ಬಲ್ಲವನು ತಪ್ಪಿದ್ದಕ್ಕೇ ದಂಡ. ಇನ್ನು, ಮರೆಯಲ್ಲಿ ನಿಂತದ್ದು.” ಮತ್ತೆ ತಡೆದರು. “ಅದಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ. ಅದು ನನ್ನ ಲೆಕ್ಕದಲ್ಲಿರಲಿ. ಇನ್ನೊಂದು ಅವತಾರದಲ್ಲಿ ಮರದ ಬುಡದಲ್ಲಿ ಕಾಲು ಚಾಚಿ ಮಲಗಿರುತ್ತೇನೆ. ಆಗ ಮರೆ ನಿನ್ನದು, ಬಾಣ ನಿನ್ನದು.”

ಕೃಷ್ಣನ ಕಾಲಿಗೆ ಬಾಣ ಬಿಟ್ಟ ಬೇಡ ಹಿಂದಿನ ಜನ್ಮದ ವಾಲಿ ಎಂಬ ಕಥೆ ಇಲ್ಲಿ ಯಾರಿಗೆ ಗೊತ್ತಿಲ್ಲ? ಆದರೂ ಅದು ಈ ಹೊತ್ತಿಗೆ ಈ ಬಾಯಿಂದ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಪಕ್ಕದ ಹಿರಿಯರು ನಿಮ್ಮ ಮೊಣಕೈ ಗಟ್ಟಿಯಾಗಿ ಹಿಡಿದಿದ್ದಾರೆ. ವಾಲಿಯ ಅರ್ಥಧಾರಿ ರಾಮನನ್ನೇ ನೋಡುತ್ತಿದ್ದಾರೆ. ಆ ನೋಟದಲ್ಲಿ ಅನುಭವಿ ಕಲಾವಿದನ ಸಂತೋಷವೂ ಇದೆ, ಸಾಯುತ್ತಿರುವ ವಾಲಿಯ ಸಮಾಧಾನವೂ ಇದೆ.

ವಾಲಿಯಲ್ಲಿ ಇನ್ನೂ ಪ್ರಶ್ನೆಗಳಿದ್ದವೆಂದು ಅವರ ಮುಖವೇ ಹೇಳುತ್ತದೆ. ಬೇಕಿದ್ದರೆ ಇನ್ನರ್ಧ ಗಂಟೆ ರಾಮನನ್ನು ಬಿಡದೆ ಕಾಡಬಹುದಿತ್ತು, ಗೆಲ್ಲಲೂಬಹುದಿತ್ತು. ಆದರೆ ಭಾಗವತರ ಬೆರಳು ಪುಸ್ತಕದಲ್ಲಿ ಮುಂದಿನ ಪದ್ಯದ ಮೇಲೆ ಬಂದು ನಿಂತಿದೆ. ಆ ಪದ್ಯದಲ್ಲಿ ವಾಲಿ ಕೈಮುಗಿಯುತ್ತಾನೆ. ವಾದದಲ್ಲಿ ಯಾರೇ ಮೇಲಾಗಲಿ, ಅರ್ಥಧಾರಿ ಅಲ್ಲಿಗೆ ಬಂದು ತಲುಪಲೇಬೇಕು, ಪದ್ಯಕ್ಕೆ ವಿರುದ್ಧ ಹೋಗುವಂತಿಲ್ಲ. ಆ ತೆಳು ಪುಸ್ತಕದ ಬಲ ನಿಮಗೆ ಈಗ ತಿಳಿಯುತ್ತದೆ. ಎಲ್ಲವನ್ನೂ ಬರೆದಿಟ್ಟಿದ್ದರೆ ಇವರಿಗೆ ಒಪ್ಪಿಸುವ ಕೆಲಸವಷ್ಟೇ ಉಳಿಯುತ್ತಿತ್ತು. ಏನೂ ಬರೆಯದೆ ಇದ್ದಿದ್ದರೆ ವಾದಕ್ಕೆ ದಡವೇ ಇರುತ್ತಿರಲಿಲ್ಲ. ಕೊನೆ ಗೊತ್ತಿದ್ದೂ ಅಲ್ಲಿಗೆ ಹೋಗುವ ದಾರಿಯನ್ನು ಪ್ರತಿ ಸಲ ಹೊಸದಾಗಿ ಹುಡುಕಬೇಕು. ಆ ಬಿಗಿಯಿಂದಲೇ ಪಾತ್ರ ಎದ್ದು ಬರುತ್ತದೆ.

“ಸಾಕು ರಾಮಾ,” ಎನ್ನುತ್ತಾರೆ ವಾಲಿ. “ಬಾಣ ಬಿಟ್ಟವನು ಅದರ ಹೊರೆಯನ್ನೂ ಹೊರುತ್ತೇನೆ ಎಂದ ಮೇಲೆ ಬಿದ್ದವನಿಗೆ ಹೇಳಲು ಏನಿದೆ? ನನ್ನ ಅಂಗದನನ್ನು...” ಮಾತು ಅಲ್ಲೇ ನಿಲ್ಲುತ್ತದೆ. ನಿಲ್ಲಿಸಿದ್ದೇ ಎತ್ತುಗಡೆ, ಮುಂದಿನ ಪದ್ಯಕ್ಕೆ ಸೂಚನೆ. ಭಾಗವತರು ಅದೇ ಉಸಿರಿನಲ್ಲಿ ಪದ್ಯ ಹಿಡಿಯುತ್ತಾರೆ, ಮದ್ದಳೆ ಮೆಲ್ಲಗೆ ಕೂಡಿಕೊಳ್ಳುತ್ತದೆ. ಮಗನನ್ನು ಒಪ್ಪಿಸುವ ಪದ್ಯ. ಬಸ್ಸಿನಲ್ಲಿ ನೀವು ಈ ಪುಟಕ್ಕೆ ಬರುವ ಹೊತ್ತಿಗೆ ನಿಲ್ದಾಣ ಹತ್ತಿರವಾಗಿತ್ತು, ಬೇಗ ಬೇಗ ಓದಿ ಮಡಚಿದ್ದಿರಿ.

ಮಂಗಳ ಹಾಡಿ ಎಲ್ಲರೂ ಎದ್ದಾಗ ಮಳೆ ಸ್ವಲ್ಪ ಕಡಿಮೆ. ಭೋಜನಶಾಲೆಯಲ್ಲಿ ಸಜ್ಜಿಗೆ ಅವಲಕ್ಕಿ, ಚಾ. ಬಾಳೆಲೆ ತುಂಡು ಹಿಡಿದು ನಿಂತವರಲ್ಲಿ ಕೂಟ ಇನ್ನೂ ಮುಗಿದಿಲ್ಲ. ರಾಮ ಹಾಗೆ ಒಪ್ಪಿಕೊಳ್ಳಬಾರದಿತ್ತು, ಅದು ರಾಮನ ಘನತೆಗೆ ಕಮ್ಮಿ ಎಂದು ಒಬ್ಬರು. ಒಪ್ಪಿಕೊಂಡದ್ದೇ ಘನತೆ ಎಂದು ಇನ್ನೊಬ್ಬರು. ನಿಮ್ಮ ಪಕ್ಕ ಕೂತಿದ್ದ ಹಿರಿಯರು ಮೂರನೆಯದೊಂದು ಉತ್ತರ ಹೇಳುತ್ತಾರೆ. ಈ ನೆಲ ಇಕ್ಷ್ವಾಕುಗಳದ್ದು, ಭರತನ ಆಜ್ಞೆ ನಡೆಸುವವನು ತಾನು ಎಂದು ವಾಲ್ಮೀಕಿಯ ರಾಮ ಹೇಳುತ್ತಾನಲ್ಲ, ಅದನ್ನು ಇವತ್ತು ಯಾರೂ ಎತ್ತಲಿಲ್ಲ, ಅದನ್ನು ಹಿಡಿದಿದ್ದರೆ ವಾಲಿ ಏನು ಹೇಳುತ್ತಿದ್ದ? ರಾಮನ ಅರ್ಥಧಾರಿ ಚಾ ಲೋಟ ಹಿಡಿದು ಹಿಂದೆಯೇ ನಿಂತು ಕೇಳಿಸಿಕೊಳ್ಳುತ್ತಿದ್ದಾರೆ.

“ಅದನ್ನು ನಾನೇ ಕೇಳಿಸ್ತೇನೆ ನೋಡಿ,” ಎನ್ನುತ್ತಾರೆ ನಗುತ್ತ. “ಬರುವ ಆದಿತ್ಯವಾರ ವಿಟ್ಲದ ಹತ್ತಿರ ಇದೇ ಪ್ರಸಂಗ. ಅಲ್ಲಿ ನಾನು ವಾಲಿ, ಅವರು ರಾಮ.”

ನೀವು ಚೀಲದಿಂದ ಪುಸ್ತಕ ತೆಗೆದು, ಹಿಂದಿನ ಖಾಲಿ ಪುಟದಲ್ಲಿ ಊರಿನ ಹೆಸರು, ಹೊತ್ತು ಬರೆದುಕೊಳ್ಳುತ್ತೀರಿ. ಬಸ್ಸು ಎಷ್ಟು ಗಂಟೆಗೆ ಎಂದು ಹಿರಿಯರನ್ನು ಕೇಳುತ್ತೀರಿ.