ಆಧಾರವಿದ್ದಷ್ಟೇ ಮಾತು

ಗಣಕವಿಜ್ಞಾನವು ವಯಸ್ಸಿನಲ್ಲಿ ಚಿಕ್ಕ ಶಾಸ್ತ್ರ. ಅದರ ಬಹುಭಾಗ ಬೆಳೆದದ್ದು 1940ರ ದಶಕದಿಂದ ಈಚೆಗೆ. ಯಂತ್ರಗಳು ಕೆಲವೇ ವರ್ಷಗಳಲ್ಲಿ ಹಳತಾಗುವುದರಿಂದ ಈ ಶಾಸ್ತ್ರದ ಗ್ರಂಥಗಳೂ ಬೇಗನೆ ಹಳತಾಗುತ್ತವೆ, ಗ್ರಂಥಾಲಯದ ಪರಾಮರ್ಶನ ವಿಭಾಗದಲ್ಲಿ ಅವುಗಳನ್ನು ಹುಡುಕುವುದು ವ್ಯರ್ಥಶ್ರಮ ಎಂಬ ಭಾವನೆ ವಿದ್ಯಾವಂತರಲ್ಲಿಯೂ ಇದೆ. ಆದರೆ ಯಂತ್ರ ಹಳತಾಗುವುದು ಬೇರೆ. ಯಾರು, ಯಾವಾಗ, ಏನನ್ನು ಹೇಳಿದರು ಎಂಬ ದಾಖಲೆ ಬೇರೆ. ಕಾಲ ಸರಿದಷ್ಟೂ ಈ ದಾಖಲೆಯ ಅಗತ್ಯ ಹೆಚ್ಚುತ್ತದೆ. ಬಾಯಿಂದ ಬಾಯಿಗೆ ಸಾಗುವ ಮಾತು ಹೆಜ್ಜೆ ಹೆಜ್ಜೆಗೂ ಸ್ವಲ್ಪ ಹಿಗ್ಗುತ್ತದೆ. ಹಿಗ್ಗಿದ ಮಾತನ್ನು ಮೂಲದ ಅಳತೆಗೆ ತರುವುದು ಪಾಂಡಿತ್ಯದ ಕಾರ್ಯ ಮಾತ್ರವಲ್ಲ, ಸತ್ಯವ್ರತಕ್ಕೂ ಸೇರಿದ ಕಾರ್ಯ.

ಇದಕ್ಕೆ ಒಂದು ನಿದರ್ಶನವಿದೆ. ಕೆಲವು ವರ್ಷಗಳ ಹಿಂದೆ ಒಂದು ಬಸದಿಯ ಜೀರ್ಣೋದ್ಧಾರದ ಸಂದರ್ಭದಲ್ಲಿ ಸ್ಮರಣ ಸಂಚಿಕೆಯೊಂದನ್ನು ಹೊರತರಲು ಅಲ್ಲಿನ ಆಡಳಿತ ಮಂಡಳಿ ನಿಶ್ಚಯಿಸಿತು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಕವಿಜ್ಞಾನವನ್ನು ಬೋಧಿಸುತ್ತಿದ್ದ ತರುಣ ಅಧ್ಯಾಪಕಿಯೊಬ್ಬಳಿಗೆ ಪ್ರಾಚೀನ ಭಾರತ ಮತ್ತು ಗಣಕವಿಜ್ಞಾನದ ಬಗ್ಗೆ ಲೇಖನ ಬರೆಯುವ ಹೊಣೆ ಬಂದಿತು. ಸಂಚಿಕೆಯ ಸಂಪಾದಕರು ಆಕೆಯ ಸೋದರಮಾವ. ಶಾಸ್ತ್ರಗ್ರಂಥಗಳಲ್ಲಿ ನುರಿತ ಹಿರಿಯರು. ಲೇಖನದಲ್ಲಿ ಬರಲೇಬೇಕಾದ ಮೂರು ಸಂಗತಿಗಳನ್ನು ಅವರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಗಣಕಯಂತ್ರಕ್ಕೆ ಅತ್ಯಂತ ಯೋಗ್ಯವಾದ ಭಾಷೆ ಸಂಸ್ಕೃತವೆಂದು ಅಮೆರಿಕದ ನಾಸಾ ಸಂಸ್ಥೆ ಘೋಷಿಸಿದೆ ಎಂಬುದು ಮೊದಲನೆಯದು. ಫಿಬೊನಾಚಿ ಸಂಖ್ಯೆಗಳನ್ನು ಕಂಡುಹಿಡಿದವರು ಹೇಮಚಂದ್ರಾಚಾರ್ಯರು ಎಂಬುದು ಎರಡನೆಯದು. ಗಣಕಯಂತ್ರವು ಮಾಹಿತಿಯನ್ನು ಹುಡುಕುವ ವಿಧಾನ ಧವಲಾ ಟೀಕೆಯಲ್ಲಿ ಮೊದಲೇ ಇದೆ ಎಂಬುದು ಮೂರನೆಯದು. ಇವುಗಳಲ್ಲಿ ಮೊದಲನೆಯ ಮಾತು ದಾನಿಯೊಬ್ಬರ ಹೆಸರಿನೊಡನೆ ಹಿಂಬದಿಯ ರಕ್ಷಾಪುಟಕ್ಕೆ ಅದಾಗಲೇ ಜೋಡಣೆಯಾಗಿತ್ತು.

ಆಕೆ ಒಂದು ವಾರ ರಜೆ ಹಾಕಿ ಬೆಂಗಳೂರಿನ ದೊಡ್ಡ ಗ್ರಂಥಾಲಯವೊಂದರಲ್ಲಿ ಕುಳಿತಳು. ಪರಾಮರ್ಶನ ಗ್ರಂಥಗಳನ್ನು ಬಳಸುವುದಕ್ಕೆ ಒಂದು ಕ್ರಮವಿದೆ. ಮೊದಲು ವಿಷಯ ವಿಶ್ವಕೋಶ; 1976ರಲ್ಲಿ ಮೊದಲು ಪ್ರಕಟವಾಗಿ 2000ದಲ್ಲಿ ನಾಲ್ಕನೆಯ ಆವೃತ್ತಿಯನ್ನು ಕಂಡ ‘ಎನ್‌ಸೈಕ್ಲೊಪೀಡಿಯ ಆಫ್ ಕಂಪ್ಯೂಟರ್ ಸೈನ್ಸ್’ ಅಂತಹದು. ಅದರಿಂದ ವಿಷಯದ ಎಲ್ಲೆಯೂ ಸರಿಯಾದ ಪಾರಿಭಾಷಿಕ ಪದಗಳೂ ತಿಳಿಯುತ್ತವೆ. ಆ ಪದಗಳನ್ನು ಹಿಡಿದು 1960ರಲ್ಲಿ ಆರಂಭವಾದ ‘ಕಂಪ್ಯೂಟಿಂಗ್ ರಿವ್ಯೂಸ್’ನಂತಹ ವಿಮರ್ಶಾ ಪತ್ರಿಕೆಗಳಿಗೆ ಹೋಗಬೇಕು. ಅಲ್ಲಿಂದ ಮೂಲ ಲೇಖನಕ್ಕೆ. ಲೇಖನದ ಕೊನೆಯ ಆಧಾರಪಟ್ಟಿ ಹಿಂದಿನ ಕಾಲಕ್ಕೆ ದಾರಿ ತೋರಿಸಿದರೆ, ಯೂಜೀನ್ ಗಾರ್‌ಫೀಲ್ಡ್ ಅವರು 1964ರಲ್ಲಿ ಆರಂಭಿಸಿದ ವಿಜ್ಞಾನ ಉಲ್ಲೇಖಸೂಚಿಯು ಆ ಲೇಖನವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದರೆಂದು ತಿಳಿಸುತ್ತದೆ. ಹೀಗೆ ಒಂದು ಮಾತಿನ ವಂಶವೃಕ್ಷವನ್ನೇ ಕಣ್ಣೆದುರು ಇರಿಸಿಕೊಳ್ಳಬಹುದು.

ಮೊದಲನೆಯ ಮಾತಿನ ಬೇರು ‘ಎಐ ಮ್ಯಾಗಜೀನ್’ ಎಂಬ ಪತ್ರಿಕೆಯ 1985ರ ಸಂಪುಟದಲ್ಲಿ ಸಿಕ್ಕಿತು. ಲೇಖಕರು ರಿಕ್ ಬ್ರಿಗ್ಸ್. ನಾಸಾದ ಏಮ್ಸ್ ಸಂಶೋಧನ ಕೇಂದ್ರದಲ್ಲಿದ್ದ ಒಂದು ಗಣಕವಿಜ್ಞಾನ ಸಂಸ್ಥೆಯ ಸಂಶೋಧಕರು. ವಾಕ್ಯದ ಅರ್ಥವನ್ನು ಯಂತ್ರಕ್ಕೆ ತಿಳಿಯುವಂತೆ ಬಿಡಿಸಿಡಲು ಕೃತಕ ಬುದ್ಧಿಮತ್ತೆಯ ಸಂಶೋಧಕರು ರೂಪಿಸಿದ್ದ ವಿಧಾನಕ್ಕೂ, ಸಂಸ್ಕೃತ ವೈಯಾಕರಣರು ವಾಕ್ಯಾರ್ಥವನ್ನು ಬಿಡಿಸಿ ಹೇಳುತ್ತಿದ್ದ ವಿಧಾನಕ್ಕೂ ಇರುವ ಆಳವಾದ ಸಾಮ್ಯವನ್ನು ಅವರು ತೋರಿಸಿದ್ದರು. ಸಹಜ ಭಾಷೆಯೊಂದು ಕೃತಕ ಭಾಷೆಯ ಕೆಲಸವನ್ನೂ ಮಾಡಬಲ್ಲದು ಎಂಬುದು ಅವರ ವಾದ. ಈ ವಿಷಯವಾಗಿ 1986ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿಯೇ ಒಂದು ರಾಷ್ಟ್ರೀಯ ಸಮ್ಮೇಳನವೂ ನಡೆಯಿತು. ಇದು ಗೌರವಕ್ಕೆ ಅರ್ಹವಾದ ಚಿಂತನೆ. ಆದರೆ ಅದು ಒಬ್ಬ ಸಂಶೋಧಕರ ಲೇಖನ, ಸಂಸ್ಥೆಯ ಘೋಷಣೆಯಲ್ಲ. ಗಣಕಯಂತ್ರಕ್ಕೆ ಆದೇಶಗಳನ್ನು ಬರೆಯಲು ಸಂಸ್ಕೃತವೇ ಶ್ರೇಷ್ಠವೆಂದು ಅದರಲ್ಲಿ ಎಲ್ಲಿಯೂ ಸ್ಥಾಪಿಸಿಲ್ಲ. ಸಾಮ್ಯವಿದೆ ಎಂಬ ಮಾತು ಶ್ರೇಷ್ಠವೆಂದಾಗಿ, ಸಂಶೋಧಕರ ಸ್ಥಾನದಲ್ಲಿ ಸಂಸ್ಥೆ ಬಂದು ಕುಳಿತಿತ್ತು.

ಎರಡನೆಯ ಮಾತಿಗೆ ದೊರೆತ ಉತ್ತರ ಬೇರೆ ಬಗೆಯದು. ಗಣಕವಿಜ್ಞಾನದಲ್ಲಿ ಆಕರವೆಂದೇ ಮನ್ನಣೆ ಪಡೆದ ಡೊನಾಲ್ಡ್ ಕ್ನೂತ್ ಅವರ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಗ್ರಂಥದ ಮೊದಲ ಸಂಪುಟ, 1997ರ ಮೂರನೆಯ ಆವೃತ್ತಿಯಲ್ಲಿ, ಫಿಬೊನಾಚಿ ಸಂಖ್ಯೆಗಳನ್ನು ವಿವರಿಸುವಾಗ ಗೋಪಾಲ ಮತ್ತು ಹೇಮಚಂದ್ರರ ಹೆಸರುಗಳನ್ನು ಸ್ಪಷ್ಟವಾಗಿ ನಮೂದಿಸುತ್ತದೆ. ಅದು ಆಧಾರವಾಗಿ ಹೇಳುವುದು ಪರಮಾನಂದ ಸಿಂಗ್ ಅವರು 1985ರಲ್ಲಿ ‘ಹಿಸ್ಟೋರಿಯ ಮ್ಯಾಥಮ್ಯಾಟಿಕ’ ಪತ್ರಿಕೆಯಲ್ಲಿ ಬರೆದ ಪ್ರಬಂಧವನ್ನು. ಸಂಗತಿ ಛಂದಸ್ಸಿನದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಗಳನ್ನು ಎಷ್ಟು ಬಗೆಯಲ್ಲಿ ತುಂಬಬಹುದು? ನಾಲ್ಕೂ ಲಘು, ಎರಡೂ ಗುರು, ಒಂದು ಗುರು, ಎರಡು ಲಘುಗಳನ್ನು ಮೂರು ಕ್ರಮದಲ್ಲಿ, ಒಟ್ಟು ಐದು. ಕೊನೆಯ ಅಕ್ಷರ ಲಘುವಾದರೆ ಅದರ ಹಿಂದೆ ಒಂದು ಮಾತ್ರೆ ಕಡಿಮೆ, ಗುರುವಾದರೆ ಎರಡು ಕಡಿಮೆ. ಆದ್ದರಿಂದ ಪ್ರತಿಯೊಂದು ಸಂಖ್ಯೆಯೂ ಹಿಂದಿನ ಎರಡರ ಮೊತ್ತ: 1, 2, 3, 5, 8, 13, 21. ಹೇಮಚಂದ್ರರು ಇದನ್ನು ಹೇಳಿದ್ದು ಸುಮಾರು 1150ರಲ್ಲಿ. ಇಟಲಿಯ ಲಿಯೊನಾರ್ಡೊ ಫಿಬೊನಾಚಿಯ ಗ್ರಂಥ 1202ರದು. ಇಷ್ಟು ನಿಜ. ಆದರೆ ಹೇಮಚಂದ್ರರಿಗಿಂತ ಮೊದಲು, 1135ಕ್ಕೆ ಮುಂಚೆ, ಗೋಪಾಲನಿದ್ದಾನೆ. ಅವನಿಗಿಂತ ಎಷ್ಟೋ ಹಿಂದೆ ವಿರಹಾಂಕನಿದ್ದಾನೆ. ಕೀರ್ತಿಯನ್ನು ಒಬ್ಬರಿಗೇ ಕೊಟ್ಟರೆ ಮತ್ತೊಬ್ಬರ ಸ್ವತ್ತನ್ನು ತೆಗೆದಂತಾಗುತ್ತದೆ. ಅಚೌರ್ಯವು ಹಣಕಾಸಿಗೆ ಮಾತ್ರ ಅನ್ವಯಿಸುವ ವ್ರತವಲ್ಲ.

ಮೂರನೆಯ ಮಾತು ಅರ್ಧ ಸತ್ಯ. ಮೂಡುಬಿದಿರೆಯಲ್ಲಿ ತಾಳೆಯೋಲೆಗಳ ಮೇಲೆ ಹಳಗನ್ನಡ ಲಿಪಿಯಲ್ಲಿ ಉಳಿದು ಬಂದ ವೀರಸೇನಾಚಾರ್ಯರ ಧವಲಾ ಟೀಕೆ 1939ರಿಂದ ಸಂಪುಟಗಳಾಗಿ ಮುದ್ರಣಗೊಂಡಿತು. ಅದರಲ್ಲಿಯ ಗಣಿತವನ್ನು ಕುರಿತು ಲಖನೌ ವಿಶ್ವವಿದ್ಯಾಲಯದ ಅವಧೇಶ ನಾರಾಯಣ ಸಿಂಗ್ ಅವರು ಬರೆದ ಪ್ರಬಂಧ ಆ ಗ್ರಂಥಮಾಲೆಯಲ್ಲಿಯೇ ಸೇರಿದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದೋ ಅದು ಆ ಸಂಖ್ಯೆಯ ಅರ್ಧಚ್ಛೇದ. 32ರ ಅರ್ಧಚ್ಛೇದ 5. ಎರಡು ಸಂಖ್ಯೆಗಳ ಗುಣಲಬ್ಧದ ಅರ್ಧಚ್ಛೇದವು ಅವೆರಡರ ಅರ್ಧಚ್ಛೇದಗಳ ಮೊತ್ತವೆಂಬ ನಿಯಮವೂ ಅಲ್ಲಿದೆ. ಇಂದಿನ ಗಣಿತದಲ್ಲಿ ಇದು ಎರಡನ್ನು ಆಧಾರವಾಗಿ ಉಳ್ಳ ಲಾಗರಿದಮ್. ಅಕಾರಾದಿಯಾಗಿ ಜೋಡಿಸಿದ ಸಾವಿರದಷ್ಟು ಹೆಸರುಗಳಲ್ಲಿ ಒಂದನ್ನು ಹುಡುಕುವಾಗ ಗಣಕಯಂತ್ರವು ಪ್ರತಿ ಸಲವೂ ಪಟ್ಟಿಯನ್ನು ಅರ್ಧಕ್ಕೆ ಇಳಿಸುತ್ತ ಸುಮಾರು ಹತ್ತೇ ಹೆಜ್ಜೆಗಳಲ್ಲಿ ಗುರಿ ಮುಟ್ಟುತ್ತದೆ. ಆ ಹೆಜ್ಜೆಗಳ ಎಣಿಕೆಗೆ ಅರ್ಧಚ್ಛೇದವೆಂಬ ಹೆಸರು ಸರಿಯಾಗಿ ಒಪ್ಪುತ್ತದೆ. ಆದರೆ ಎಣಿಕೆಯ ತತ್ತ್ವ ಬೇರೆ, ಹುಡುಕುವ ವಿಧಾನ ಬೇರೆ. ವಿಧಾನ ಧವಲೆಯಲ್ಲಿದೆ ಎನ್ನಲು ಆಕೆಗೆ ಆಧಾರ ದೊರೆಯಲಿಲ್ಲ.

ಈ ಅರ್ಧಿಸಿ ಹುಡುಕುವ ವಿಧಾನದ ಚರಿತ್ರೆಯೇ ಒಂದು ನೀತಿಪಾಠ. ಕ್ನೂತ್ ಅವರ ಮೂರನೆಯ ಸಂಪುಟದ ಪ್ರಕಾರ ಅದರ ಪ್ರಸ್ತಾಪ 1946ರಲ್ಲಿ ಜಾನ್ ಮಾಕ್ಲಿ ಅವರ ಉಪನ್ಯಾಸದಲ್ಲಿ ಬಂದಿತು. ಪಟ್ಟಿಯ ಗಾತ್ರ ಎಷ್ಟೇ ಇದ್ದರೂ ಸರಿಯಾಗಿ ನಡೆಯುವ ರೂಪ ಅಚ್ಚಾದದ್ದು 1960ರ ದಶಕದಲ್ಲಿ. ಅಷ್ಟಾದರೂ ದೋಷ ಉಳಿದಿತ್ತು. ಮಧ್ಯಸ್ಥಾನವನ್ನು ಕಾಣಲು ಎರಡು ತುದಿಗಳ ಸಂಖ್ಯೆಗಳನ್ನು ಕೂಡುವಾಗ, ಪಟ್ಟಿ ಬಹಳ ದೊಡ್ಡದಾದರೆ, ಮೊತ್ತವು ಯಂತ್ರದ ಮಿತಿಯನ್ನು ಮೀರಿ ಋಣಸಂಖ್ಯೆಯಾಗುತ್ತದೆ. ಜಾವಾ ಭಾಷೆಗಾಗಿ ತಾವೇ ಬರೆದಿದ್ದ ವಿಧಿಯಲ್ಲಿ ಈ ತಪ್ಪು ಅಡಗಿತ್ತೆಂದು ಜೋಶುವಾ ಬ್ಲಾಕ್ ಅವರು 2006ರಲ್ಲಿ ಬಹಿರಂಗವಾಗಿ ತಿಳಿಸಿದರು. ಕ್ನೂತ್ ಅವರಂತೂ ತಮ್ಮ ಗ್ರಂಥದಲ್ಲಿ ತಪ್ಪು ತೋರಿಸಿಕೊಟ್ಟವರಿಗೆ 2.56 ಡಾಲರ್ ಬಹುಮಾನವನ್ನು ಗೊತ್ತುಮಾಡಿದವರು. ಆಕರಗ್ರಂಥದ ಯೋಗ್ಯತೆಯು ಅದು ತಪ್ಪೇ ಮಾಡುವುದಿಲ್ಲವೆಂಬುದರಲ್ಲಿ ಇಲ್ಲ. ತಪ್ಪನ್ನು ತೋರಿಸಿಕೊಡಲು ಓದುಗನಿಗೆ ಬಾಗಿಲು ತೆರೆದಿಡುವುದರಲ್ಲಿ ಇದೆ.

ಅಧ್ಯಾಪಕಿ ಊರಿಗೆ ಮರಳಿ ಲೇಖನವನ್ನೂ ಮೂಲ ಪುಟಗಳ ಜೆರಾಕ್ಸ್ ಪ್ರತಿಗಳನ್ನೂ ಸೋದರಮಾವನ ಮುಂದೆ ಇಟ್ಟಳು. ಅವರ ಮುಖ ಕುಗ್ಗಿತು.

“ಮಗೂ, ಈ ಮಾತನ್ನು ನಾನು ಎಷ್ಟೋ ಸಭೆಗಳಲ್ಲಿ ಕೇಳಿದ್ದೇನೆ, ನಾನೂ ಹೇಳಿದ್ದೇನೆ. ಇದರಿಂದ ಯಾರಿಗೆ ಏನು ಕೇಡು? ಮಕ್ಕಳಿಗೆ ಒಂದಿಷ್ಟು ಅಭಿಮಾನ ಬರುತ್ತದೆ, ಅಷ್ಟೇ ಅಲ್ಲವೆ?”

“ಮಾವ, ಆ ಮಕ್ಕಳೇ ನಾಳೆ ನನ್ನ ತರಗತಿಗೆ ಬರುತ್ತಾರೆ. ಮೂಲ ಲೇಖನವನ್ನು ಒಂದು ದಿನ ತಾವೇ ಓದುತ್ತಾರೆ. ಹಿಂದಿನ ಪುಟ ಸುಳ್ಳೆಂದು ತಿಳಿದ ಮೇಲೆ ಒಳಪುಟದ ಹೇಮಚಂದ್ರರನ್ನು ಅವರು ಹೇಗೆ ನಂಬಬೇಕು, ನೀವೇ ಹೇಳಿ.”

ಹಿರಿಯರು ಆ ದಿನ ಉತ್ತರ ಕೊಡಲಿಲ್ಲ. ಜೆರಾಕ್ಸ್ ಪ್ರತಿಗಳನ್ನು ಉಳಿಸಿಕೊಂಡು, ನಿಘಂಟನ್ನು ಪಕ್ಕದಲ್ಲಿರಿಸಿಕೊಂಡು ಎರಡು ರಾತ್ರಿ ಓದಿದರು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ಒಬ್ಬನು ಹೇಳದೆ ಇರುವುದನ್ನು ಅವನು ಹೇಳಿದನೆಂದು ವಂಚನೆಗಾಗಿ ಬರೆಯುವುದೇ ಕೂಟಲೇಖವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಆ ಭಾಗವನ್ನು ಅವರು ಎಷ್ಟೋ ಜನರಿಗೆ ಪಾಠ ಹೇಳಿದ್ದರು. ತಿಳಿಯದೆ ಆಡಿದ ಮಾತಿಗೆ ಆ ದೋಷವಿಲ್ಲ. ಏಕೆಂದರೆ ಅಲ್ಲಿ ವಂಚನೆಯ ಭಾವವಿಲ್ಲ. ಆದರೆ ಮೂಲವನ್ನು ಓದಿ ಮುಗಿಸಿದ ಮೇಲೆಯೂ ಅದೇ ಮಾತನ್ನು ಅಚ್ಚಿಗೆ ಕೊಟ್ಟರೆ? ಹಿಂದಿನ ವಾರ ಭ್ರಮೆಯಾಗಿದ್ದುದು ಈ ವಾರ ಕೂಟಲೇಖವಾಗುತ್ತದೆ. ಮೂರನೆಯ ದಿನ ಅವರು ಮುದ್ರಣಾಲಯಕ್ಕೆ ಹೇಳಿ ಕಳುಹಿಸಿ ರಕ್ಷಾಪುಟವನ್ನು ತಡೆಹಿಡಿದರು.

ಆಡಳಿತ ಮಂಡಳಿಯ ಸಭೆಯಲ್ಲಿ ಇದಕ್ಕೆ ವಿರೋಧ ಬಂದಿತು. ಎಲ್ಲರೂ ಅಚ್ಚು ಹಾಕುತ್ತಾರೆ, ಮಂಡಳಿಗೆ ಮಾತ್ರ ಏಕೆ ಈ ಮಡಿ ಎಂದು ಸದಸ್ಯರೊಬ್ಬರು ಕೇಳಿದರು. ಅವರು ಕೊನೆಯವರೆಗೂ ಒಪ್ಪಲಿಲ್ಲ. ದಾನಿಯ ಮನೆಗೆ ಸಂಪಾದಕರೇ ಹೋಗಬೇಕಾಯಿತು. ತಮ್ಮ ಹೆಸರಿನ ಮೇಲೆ ಹಾಗಾದರೆ ಏನು ಬರುತ್ತದೆ ಎಂದು ದಾನಿಗಳು ಕೇಳಿದಾಗ, ನಾಲ್ಕು ಮಾತ್ರೆಗಳ ಐದು ವಿನ್ಯಾಸಗಳನ್ನು ಬರೆದ ಹಾಳೆಯನ್ನು ಅವರು ತೋರಿಸಿದರು. ಉತ್ಸಾಹವಿಲ್ಲದಿದ್ದರೂ ದಾನಿಗಳು ಸಮ್ಮತಿಸಿದರು. ಸಂಚಿಕೆ ಹದಿನೈದು ದಿನ ತಡವಾಗಿ ಹೊರಬಂದಿತು. ಅದರ ಹಿಂಬದಿಯಲ್ಲಿ ಲಘುಗುರುಗಳ ಸಾಲುಗಳಿದ್ದವು. ಅವುಗಳ ಕೆಳಗೆ ವಿರಹಾಂಕ, ಗೋಪಾಲ, ಹೇಮಚಂದ್ರ ಎಂಬ ಮೂರು ಹೆಸರುಗಳೂ ಇದ್ದವು.

ಈಗ ಪರಾಮರ್ಶನ ಕಪಾಟಿನ ಬಹುಭಾಗ ಪರದೆಯ ಮೇಲೆಯೇ ದೊರೆಯುತ್ತದೆ. ಗಣಕವಿಜ್ಞಾನದ ಪ್ರಮುಖ ಸಂಘವಾದ ಎಸಿಎಮ್ 1951ರಿಂದ 2000ದವರೆಗಿನ ತನ್ನ ಪ್ರಕಟಣೆಗಳನ್ನು 2022ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಮತ್ತೊಂದೆಡೆ, ಕೇಳಿದ್ದಕ್ಕೆಲ್ಲ ಕ್ಷಣದಲ್ಲಿ ಉತ್ತರ ಬರೆಯುವ ಯಂತ್ರಗಳೂ ಬಂದಿವೆ. ಅವು ಕೆಲವೊಮ್ಮೆ ಇಲ್ಲದ ಗ್ರಂಥವನ್ನೂ ಬರೆಯದ ಲೇಖಕನನ್ನೂ ಆಧಾರವೆಂದು ನೀಡುವುದುಂಟು. ದಾರಿ ಸುಲಭವಾದಷ್ಟೂ ಕೊನೆಯ ಹೆಜ್ಜೆಯ ಹೊಣೆ ಹೆಚ್ಚಾಗಿದೆ. ಆ ಹೆಜ್ಜೆ ಎಂದರೆ ಮೂಲ ಪುಟವನ್ನು ತೆರೆದು, ಹೇಳಿಕೆಯನ್ನು ಅದರ ಪಕ್ಕದಲ್ಲಿರಿಸಿ ನೋಡುವುದು.

ಬಸದಿಗಳು ಮತ್ತು ಸಂಸ್ಥೆಗಳು ವರ್ಷಂಪ್ರತಿ ಎಷ್ಟೋ ಸಂಚಿಕೆಗಳನ್ನು ಹೊರತರುತ್ತವೆ. ವಿಜ್ಞಾನದ ಹೆಸರಿನಲ್ಲಿ ಹೇಳಿಕೆಯೊಂದು ಬಂದಾಗ ಮೂರು ಪ್ರಶ್ನೆಗಳು ಸಾಕು: ಹೇಳಿದವರು ಯಾರು, ಎಲ್ಲಿ ಹೇಳಿದರು, ಎಷ್ಟು ಹೇಳಿದರು? ಮೊದಲ ಎರಡಕ್ಕೆ ಗ್ರಂಥಾಲಯ ಉತ್ತರ ಕೊಡುತ್ತದೆ. ಮೂರನೆಯದಕ್ಕೆ ಮೂಲವನ್ನು ತೆರೆದು ಓದಿಯೇ ಉತ್ತರ ಪಡೆಯಬೇಕು. ಅದು ತನ್ನ ಅಭಿಮಾನಕ್ಕಿಂತ ಕಡಿಮೆ ಎಂದು ಕಂಡಾಗಲೂ ಅಷ್ಟನ್ನೇ ಬರೆಯುವ ಧೈರ್ಯ ಬರೆಯುವವನಿಗೆ ಇರಬೇಕು. ವೀರಸೇನರ ಅರ್ಧಚ್ಛೇದಕ್ಕೂ ಹೇಮಚಂದ್ರರ ಸಂಖ್ಯೆಗಳಿಗೂ ಯಾರ ಘೋಷಣೆಯೂ ಬೇಕಿಲ್ಲ. ಇದ್ದಷ್ಟನ್ನು ಇದ್ದಂತೆ ಹೇಳಿದರೆ ಅವು ತಾವಾಗಿಯೇ ನಿಲ್ಲುತ್ತವೆ.