ಗಿಣ್ಣಿಗೆ ಹೋದವರು

ದಿಲ್ಲಿಯ ಕನ್ನಡಿಗರನ್ನು ‘ಇಲ್ಲಿ ಏನು ಸಿಗುವುದಿಲ್ಲ?’ ಎಂದು ಕೇಳಿದರೆ ಒಬ್ಬರು ಮಾವಿನ ಮಿಡಿ ಎಂದಾರು, ಇನ್ನೊಬ್ಬರು ರಸಬಾಳೆ ಎಂದಾರು. ನಮ್ಮನ್ನು ಕೇಳಿದರೆ ಗಿಣ್ಣು. ಪೊಟ್ಟಣದ ಹಾಲಿನಲ್ಲಿ ಗಿಣ್ಣು ಕಾಯಿಸಿದವರುಂಟೆ?

ನಮ್ಮ ಕ್ವಾರ್ಟರ್ಸಿನ ಹಿಂದಣ ಹಳ್ಳಿಯಲ್ಲಿ ಹರಿಯಾಣದ ಮುದುಕಿಯೊಬ್ಬರು ಎಮ್ಮೆ ಸಾಕಿದ್ದಾರೆ. ಎಲ್ಲರಿಗೂ ಅವರು ‘ತಾಈ’; ಅಂದರೆ ದೊಡ್ಡಮ್ಮ. ಅವರ ಮುರ್ರಾ ಎಮ್ಮೆ ಚೊಚ್ಚಲ ಗಬ್ಬವೆಂದು ತಿಳಿದಂದಿನಿಂದ ನಮ್ಮಾಕೆ ಬೆಲ್ಲ, ಏಲಕ್ಕಿ ತೆಗೆದಿರಿಸಿದ್ದಳು. ಕಳೆದ ಜನವರಿಯ ಒಂದು ಭಾನುವಾರ ನಸುಕಿನಲ್ಲಿ, ಎಮ್ಮೆ ಈಯುತ್ತಿದೆಯೆಂದು ಸುದ್ದಿ ಬಂದೊಡನೆ, ಮಾರು ದೂರದ ಮನುಷ್ಯ ಕಾಣದ ಮಂಜಿನಲ್ಲಿ ನಾವು ತಂಬಿಗೆ ಹಿಡಿದು ಹೊರಟೆವು.

ಕರು ಆಗಲೇ ನೆಲಕ್ಕೆ ಬಿದ್ದಿತ್ತು. ಮೈಯೆಲ್ಲ ಲೋಳೆ, ನಡುಕ. ಎಮ್ಮೆ ಬೆದರಿ ಮೂಲೆಯಲ್ಲಿ ನಿಂತಿತ್ತು, ಕರುವನ್ನು ನೆಕ್ಕಲೊಲ್ಲದು. ತಾಈ ನಮ್ಮ ತಂಬಿಗೆಯನ್ನೊಮ್ಮೆ ನೋಡಿ, ಕಸಿದು ಪಕ್ಕಕ್ಕಿಟ್ಟು, ಕೈಗೊಂದು ಗೋಣಿತಟ್ಟು ಕೊಟ್ಟರು. “ಬಾಬೂ, ಉಜ್ಜು!”

ಬಿ.ಎ. ಪಾಸಾಗಿ ಹನ್ನೊಂದು ವರ್ಷ ಫೈಲುಗಳ ಮೇಲೆ ಟಿಪ್ಪಣಿ ಬರೆದ ಕೈ ನಮ್ಮದು. ಉಜ್ಜಿದೆವು. ಮೂಗಿನ ಲೋಳೆ ತೆಗೆದೆವು. ತಾಈ ಕರುವಿನ ಬಾಯೊಳಗೆ ಬೆರಳಿಟ್ಟು ನೋಡಿ ಮುಖ ಸಪ್ಪಗೆ ಮಾಡಿದರು. ಬಾಯಿ ತಣ್ಣಗಿದೆ, ಚೀಪುತ್ತಿಲ್ಲ. ಹಾಗೇ ಬಿಟ್ಟರೆ ಹೋಯಿತೆಂದೇ ಲೆಕ್ಕ. ನಮ್ಮಾಕೆ ಹೆಣೆದಿದ್ದ ಸ್ವೆಟರನ್ನು ಬಿಚ್ಚಿ ಅದಕ್ಕೆ ಸುತ್ತಿದೆವು. (ಒಂದೆರಡು ಕ್ಷಣ ಯೋಚಿಸಿದೆವೆಂಬುದನ್ನೂ ಹೇಳಬೇಕು.) ತುಸು ದೂರದಲ್ಲಿ ಬೆರಣಿಯ ಕೆಂಡವಿಟ್ಟು, ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿದರು. ಮೈ ಬಿಸಿಯೇರಿದ ಮೇಲೆ ಸ್ವೆಟರು ತೆಗೆದು, ಬೆನ್ನಿಗೆ ಉಪ್ಪು ಸವರಿ, ಕರುವನ್ನು ತಾಯಿಯ ಮುಂದಿಟ್ಟೆವು. ಉಪ್ಪಿನ ಆಸೆಗೆ ಒಮ್ಮೆ ನಾಲಗೆ ಚಾಚಿದ್ದೇ ತಡ, ಎಮ್ಮೆ ಮತ್ತೆ ನೆಕ್ಕುವುದನ್ನು ಬಿಡಲಿಲ್ಲ.

ಕರು ಬೆರಳು ಚೀಪಿತು. ಆಗ ತಾಈ ನಮ್ಮ ತಂಬಿಗೆಗೇ ಹಾಲು ಕರೆದರು, ನಮಗಲ್ಲ, ಕರುವಿಗೆ. ಮನುಷ್ಯರ ಕೂಸು ರೋಗ ತಡೆಯುವ ಶಕ್ತಿಯನ್ನು ಬಸಿರಿನಿಂದಲೇ ಒಂದಿಷ್ಟು ಹೊತ್ತು ಬರುತ್ತದೆ. ಕರುವಿಗೆ ಅದು ಸಿಗುವುದು ಈ ಮೊದಲ ಹಾಲಿನಲ್ಲಿಯೇ. ಅದನ್ನು ಕರುಳು ಚೆನ್ನಾಗಿ ಹೀರಿಕೊಳ್ಳುವುದೂ ಹುಟ್ಟಿದ ಮೊದಲ ಕೆಲವು ಗಂಟೆ ಮಾತ್ರ. 24 ಗಂಟೆ ಕಳೆದರೆ ಆ ದಾರಿ ಮುಚ್ಚಿದಂತೆಯೇ.

ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ ಹಸು ಈದ ಬೆಳಗ್ಗೆ ನಾವು ಹುಡುಗರು ಒಲೆಯ ಮುಂದೆ ಗಿಣ್ಣಿಗಾಗಿ ಕಾದು ಕುಳಿತಿರುತ್ತಿದ್ದೆವು. ಅಜ್ಜಿ ಕೊಟ್ಟಿಗೆಯಿಂದ ಒಳಗೆ ಬರುತ್ತಿದ್ದರು. ಅವರ ಸೆರಗು ಏಕೆ ಒದ್ದೆಯಾಗಿದೆ ಎಂದು ನಾವು ಒಂದು ದಿನವೂ ಕೇಳಲಿಲ್ಲ.

ಕರು ಕುಡಿದು ಮಿಕ್ಕ ಹಾಲನ್ನು ಮರುದಿನ ಸಂಜೆ ತಾಈಯೇ ತಂದುಕೊಟ್ಟರು. ಗಿಣ್ಣು ಗಟ್ಟಿಯಾಗಿಯೇ ಬಂತು. ಸ್ವೆಟರನ್ನು ಮಾತ್ರ ಎರಡು ಬಾರಿ ಒಗೆದ ಮೇಲೂ, ಆಫೀಸಿನಲ್ಲಿ ಪಕ್ಕದ ಮೇಜಿನವರು ವಾರವಿಡೀ ಕುರ್ಚಿ ದೂರ ಸರಿಸಿಕೊಂಡೇ ಕುಳಿತರು.